ಸಂಬಳದ ಲೆಕ್ಕ ಪರರ ಕೈಯಲ್ಲಿ

‘ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು’ ಎಂಬುದು ಹಿರಿಯರ ಅನುಭವದಿಂದ ಹುಟ್ಟಿದ ಗಾದೆ. ಹೊಲದ ಬೇಸಾಯಕ್ಕೂ ಅಂಗಡಿಯ ವ್ಯಾಪಾರಕ್ಕೂ ಬಹುಕಾಲದಿಂದ ಹೊಂದಿಕೊಂಡು ಬಂದ ಈ ಮಾತು ಇಂದಿನ ದೊಡ್ಡ ಸಂಸ್ಥೆಗಳ ಕಚೇರಿಯಲ್ಲಿ ತಲೆಕೆಳಗಾದಂತೆ ತೋರುತ್ತದೆ. ತನ್ನ ನೌಕರರಿಗೆ ತಾನು ಕೊಡುವ ಸಂಬಳದ ಲೆಕ್ಕವನ್ನೇ ತಾನು ಮಾಡದೆ, ಹಣ ತೆತ್ತು ಪರರಿಂದ ಮಾಡಿಸುವ ಸಂಸ್ಥೆಗಳು ಲೋಕದಲ್ಲೆಲ್ಲ ಹಬ್ಬಿವೆ. ತಿಂಗಳ ಕೊನೆಗೆ ಮಗನ ಕೈಗೋ ಸೊಸೆಯ ಕೈಗೋ ಬರುವ ಸಂಬಳದ ಚೀಟಿಯಲ್ಲಿ ಅಚ್ಚಾಗಿರುವ ಹೆಸರು ಒಂದು ಕಂಪನಿಯದು. ಆ ಚೀಟಿಯನ್ನು ಸಿದ್ಧಪಡಿಸಿದ ಕೈ ಮಾತ್ರ ಎಷ್ಟೋ ವೇಳೆ ಮತ್ತೊಂದು ಕಂಪನಿಯದು.

ಈ ಏರ್ಪಾಟಿಗೆ ‘ಹೊರಗುತ್ತಿಗೆ’ ಎಂಬ ಹೆಸರು ಕನ್ನಡದಲ್ಲಿ ರೂಢಿಯಾಗಿದೆ. ಕಾವಲು, ಕಸಗುಡಿಸುವಿಕೆ, ಊಟದ ಮನೆಯಂತಹ ಕೆಲಸಗಳನ್ನು ಹೊರಗಿನವರಿಗೆ ವಹಿಸುವುದು ಹಳೆಯ ಸಂಗತಿ. ಆದರೆ ನೌಕರರನ್ನು ಹುಡುಕಿ ಆರಿಸುವುದು, ಹಾಜರಿ ಮತ್ತು ರಜೆಯ ಲೆಕ್ಕವಿಡುವುದು, ಸಂಬಳ ಬಟವಾಡೆ ಮಾಡುವುದು, ಭವಿಷ್ಯನಿಧಿ ಮತ್ತು ವಿಮೆಯ ಹಣ ಕಟ್ಟುವುದು, ತರಬೇತಿ ಕೊಡಿಸುವುದು ಇವೆಲ್ಲ ಯಜಮಾನನಿಗೂ ನೌಕರನಿಗೂ ಇರುವ ಸಂಬಂಧದ ಒಳಮನೆಗೆ ಸೇರಿದ ಕೆಲಸಗಳು. ಇಂತಹವನ್ನೂ ಹೊರಗೆ ಕಳುಹಿಸಲು ಸಂಸ್ಥೆಗಳು ಏಕೆ ಮುಂದಾದವು? ಅದರಿಂದ ಲಾಭ ಯಾರಿಗೆ, ಕಷ್ಟ ಯಾರಿಗೆ? ದುಡಿಯುವವರಿರುವ ಪ್ರತಿಯೊಂದು ಮನೆಗೂ ಈ ಪ್ರಶ್ನೆಗಳು ಸಂಬಂಧಪಟ್ಟಿವೆ.

ಒಬ್ಬ ಗುಮಾಸ್ತನ ಕಾಯಿಲೆ

ಈ ಉದ್ಯಮದ ಮೂಲವನ್ನು ಹುಡುಕುತ್ತ ಹೊರಟರೆ ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಪ್ಯಾಟರ್ಸನ್ ಎಂಬ ಊರು ಎದುರಾಗುತ್ತದೆ. ಹೆನ್ರಿ ಟಾಬ್ ಎಂಬ ತರುಣ ಅಲ್ಲಿ ಲೆಕ್ಕಪತ್ರಗಳ ಕೆಲಸ ಮಾಡಿಕೊಂಡಿದ್ದ. ಆತನಿಗೆ ಪರಿಚಯವಿದ್ದ ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುತ್ತಿದ್ದ ನೌಕರ ಕಾಯಿಲೆ ಬಿದ್ದುದರಿಂದ ಎಲ್ಲರ ಬಟವಾಡೆಯೂ ನಿಂತುಹೋಯಿತೆಂದೂ, ಆ ಪೇಚಾಟವನ್ನು ಕಂಡು ಟಾಬ್‌ಗೆ ಹೊಸ ವ್ಯಾಪಾರವೊಂದು ಹೊಳೆಯಿತೆಂದೂ ಹೇಳುತ್ತಾರೆ. ಒಬ್ಬನ ಜ್ವರ ಅಷ್ಟೂ ಸಂಸಾರಗಳ ಒಲೆಯನ್ನು ಆರಿಸಬಹುದಾದರೆ, ಆ ಕೆಲಸ ಒಬ್ಬನ ಮೇಲೆ ನಿಲ್ಲಬಾರದು. ಅನೇಕ ಕಂಪನಿಗಳ ಸಂಬಳದ ಲೆಕ್ಕವನ್ನು ಒಂದೇ ಕಡೆ ಹಲವು ಮಂದಿ ಕೂಡಿ ಮಾಡಿದರೆ ಯಾರೊಬ್ಬರ ಗೈರುಹಾಜರಿಯಿಂದಲೂ ಬಟವಾಡೆ ನಿಲ್ಲದು.

1949ರಲ್ಲಿ ಟಾಬ್ ‘ಆಟೊಮ್ಯಾಟಿಕ್ ಪೇರೋಲ್ಸ್’ ಎಂಬ ಚಿಕ್ಕ ಸಂಸ್ಥೆಯನ್ನು ತೆರೆದ. ಐಸ್‌ಕ್ರೀಂ ಅಂಗಡಿಯೊಂದರ ಮೇಲಿನ ಕೊಠಡಿಯೇ ಅದರ ಕಚೇರಿ. ಸೋದರ ಜೋ ಟಾಬ್ ಕೂಡ ಕೆಲಸಕ್ಕೆ ಕೈಜೋಡಿಸಿದ. ಮುಂದೆ ಗಿರಾಕಿಗಳನ್ನು ಹುಡುಕಿ ತರುವ ಕೆಲಸಕ್ಕೆ ಬಂದು ಸೇರಿದ ಫ್ರಾಂಕ್ ಲಾಟೆನ್‌ಬರ್ಗ್ ಎಂಬಾತ ಸಂಸ್ಥೆಯ ಮುಖ್ಯಸ್ಥನಾಗಿ, ಆಮೇಲೆ ಅಮೆರಿಕದ ಸೆನೆಟ್ ಸಭೆಯ ಸದಸ್ಯನೂ ಆದ. ಆ ಚಿಕ್ಕ ಸಂಸ್ಥೆಯೇ ಇಂದು ಎ.ಡಿ.ಪಿ. ಎಂಬ ಹೆಸರಿನಿಂದ ಜಗತ್ತಿನಲ್ಲೆಲ್ಲ ಪರಿಚಿತವಾಗಿದೆ. ಅಮೆರಿಕದಲ್ಲಿ ದುಡಿಯುವ ಸುಮಾರು ಆರು ಮಂದಿಯಲ್ಲಿ ಒಬ್ಬರ ಸಂಬಳ ತನ್ನ ಮೂಲಕ ಸಲ್ಲುತ್ತದೆಂದು ಆ ಸಂಸ್ಥೆ ಹೇಳಿಕೊಳ್ಳುತ್ತದೆ.

ಹೊರಗುತ್ತಿಗೆಯ ಮೊದಲನೆಯ ಕಾರಣ ಈ ಕಥೆಯಲ್ಲೇ ಅಡಗಿದೆ. ಸಂಬಳದ ಲೆಕ್ಕ ಪ್ರತಿ ತಿಂಗಳೂ ಒಂದೇ ಬಗೆಯಾಗಿ ಬರುವ ಕೆಲಸ. ಒಂದು ದಿನವೂ ತಪ್ಪುವಂತಿಲ್ಲ. ಸರಿಯಾಗಿ ನಡೆದರೆ ಯಾರೂ ಹೊಗಳುವುದಿಲ್ಲ, ತಪ್ಪಿದರೆ ಎಲ್ಲರೂ ಬೈಯುತ್ತಾರೆ. ಇಂತಹ ಕೆಲಸವನ್ನು ನೂರು ಕಂಪನಿಗಳು ಬೇರೆ ಬೇರೆಯಾಗಿ ಮಾಡುವುದಕ್ಕಿಂತ ನೂರರ ಪಾಲನ್ನೂ ಒಬ್ಬರು ಕಲೆಹಾಕಿ ಮಾಡಿದರೆ ಖರ್ಚು ಇಳಿಯುತ್ತದೆ, ಕೈ ಪಳಗುತ್ತದೆ. ಮನೆಮನೆಯಲ್ಲಿ ಬೀಸುತ್ತಿದ್ದ ಹಿಟ್ಟು ಗಿರಣಿಗೆ ಹೋದುದಕ್ಕೂ ಇದೇ ಕಾರಣವಲ್ಲವೆ?

ಚೀಟಿ ಒಂದು, ಲೆಕ್ಕ ಹತ್ತು

ಎರಡನೆಯ ಕಾರಣ ಕಾನೂನು. ನಮ್ಮ ದೇಶದ ಒಂದು ಸಾಮಾನ್ಯ ಸಂಬಳದ ಚೀಟಿಯನ್ನೇ ನೋಡಬಹುದು. ನೌಕರನೊಬ್ಬನ ಮೂಲವೇತನ 15,000 ರೂಪಾಯಿ, ಭತ್ಯೆಗಳೂ ಸೇರಿ ಒಟ್ಟು 20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಭವಿಷ್ಯನಿಧಿಗೆಂದು ಮೂಲವೇತನದ ಶೇಕಡಾ 12ರಂತೆ 1,800 ರೂಪಾಯಿ ಆತನಿಂದ ಮುರಿಯಬೇಕು. ಯಜಮಾನನೂ ಅಷ್ಟೇ ಸೇರಿಸಬೇಕು. ನೌಕರರ ರಾಜ್ಯ ವಿಮೆಗೆ 2019ರ ಜುಲೈಯಲ್ಲಿ ಗೊತ್ತುಪಡಿಸಿದ ದರದಂತೆ ಆತನಿಂದ ಶೇಕಡಾ 0.75, ಅಂದರೆ 150 ರೂಪಾಯಿ. ಯಜಮಾನನಿಂದ ಶೇಕಡಾ 3.25, ಅಂದರೆ 650 ರೂಪಾಯಿ. ಇವನ್ನು ಮುಂದಿನ ತಿಂಗಳ 15ನೆಯ ತಾರೀಖಿನೊಳಗೆ ಕಟ್ಟಬೇಕು. ತಡವಾದರೆ ಬಡ್ಡಿ, ಬಡ್ಡಿಯ ಮೇಲೆ ದಂಡ.

ಸಂಬಳ ಸ್ವಲ್ಪ ಹೆಚ್ಚಾದ ಕೂಡಲೇ ರಾಜ್ಯದ ವೃತ್ತಿ ತೆರಿಗೆಯೂ, ಇನ್ನೂ ಹೆಚ್ಚಾದರೆ ಕೇಂದ್ರದ ಆದಾಯ ತೆರಿಗೆಯೂ ಚೀಟಿಯನ್ನು ಹೊಗುತ್ತವೆ. ಒಬ್ಬಾಕೆ ಬಾಣಂತನಕ್ಕೆ ಹೊರಟರೆ 2017ರ ತಿದ್ದುಪಡಿಯಂತೆ ಮೊದಲೆರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ. ಬೋನಸ್, ಗ್ರಾಚ್ಯುಟಿ, ಹೆಚ್ಚುವರಿ ಗಂಟೆಗಳ ದುಡಿಮೆಗೆ ಇಮ್ಮಡಿ ಕೂಲಿ, ಪ್ರತಿಯೊಂದಕ್ಕೂ ಪ್ರತ್ಯೇಕ ನಿಯಮವಿದೆ. ಹತ್ತಾರು ಹಳೆಯ ಕಾಯಿದೆಗಳನ್ನು ಒಗ್ಗೂಡಿಸಿ ಸಂಸತ್ತು 2019 ಮತ್ತು 2020ರಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಅಂಗೀಕರಿಸಿದ ಮೇಲೆ, ಬಹುಕಾಲ ಕಂಠಪಾಠವಾಗಿದ್ದುದನ್ನು ಮತ್ತೆ ಹೊಸದಾಗಿ ಕಲಿಯಬೇಕಾಯಿತು.

ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯ ಒಡೆಯನಿಗೆ ಲೋಹವನ್ನು ಕಡೆಯುವ ವಿದ್ಯೆ ಗೊತ್ತು. ಕಾನೂನಿನ ಕಲಮುಗಳು ಗೊತ್ತಿಲ್ಲ. ಐವತ್ತು ಮಂದಿ ಕೆಲಸಗಾರರಿಗಾಗಿ ಕಾನೂನು ಬಲ್ಲ ಅಧಿಕಾರಿಯೊಬ್ಬನನ್ನು ಇಟ್ಟುಕೊಂಡರೆ ಆತನ ಸಂಬಳವೇ ಭಾರವಾಗುತ್ತದೆ. ಇಟ್ಟುಕೊಳ್ಳದಿದ್ದರೆ ದಂಡದ ಭಯ. ತಲೆಗಿಷ್ಟು ಎಂದು ತಿಂಗಳ ಶುಲ್ಕ ಪಡೆದು ಇದನ್ನೆಲ್ಲ ನೋಡಿಕೊಳ್ಳುವವರು ದೊರೆತರೆ ಆತನಿಗೆ ನಿದ್ದೆ ಬರುತ್ತದೆ. ಸಣ್ಣ ಸಂಸ್ಥೆಗಳ ಹೊರಗುತ್ತಿಗೆಗೆ ಬಹುಮಟ್ಟಿಗೆ ಇದೇ ಕಾರಣ. ಇದರಲ್ಲಿ ನೌಕರನಿಗೂ ಹಿತವುಂಟು. ಅರ್ಧಂಬರ್ಧ ತಿಳಿದವನ ಲೆಕ್ಕಕ್ಕಿಂತ ಬಲ್ಲವನ ಲೆಕ್ಕದಲ್ಲಿ ಆತನ ಭವಿಷ್ಯನಿಧಿ ಹೆಚ್ಚು ಸುರಕ್ಷಿತ.

ಸಾಬೂನಿನ ಕಂಪನಿಯ ತೀರ್ಮಾನ

ಸಣ್ಣವರ ಮಾತು ಹಾಗಿರಲಿ. ಲಕ್ಷದ ಸಮೀಪಕ್ಕೆ ನೌಕರರುಳ್ಳ ಸಂಸ್ಥೆಗೆ ಅಧಿಕಾರಿಗಳ ಕೊರತೆಯೂ ಇಲ್ಲ, ಹಣದ ಕೊರತೆಯೂ ಇಲ್ಲ. ಆದರೂ ಅಂತಹವು ಈ ದಾರಿ ಹಿಡಿದುದು ವಿಚಾರಕ್ಕೆ ಯೋಗ್ಯವಾದ ಸಂಗತಿ.

1999ರ ಡಿಸೆಂಬರಿನಲ್ಲಿ ಬ್ರಿಟನ್ನಿನ ತೈಲ ಕಂಪನಿ ಬಿ.ಪಿ. ತನ್ನ ಸಿಬ್ಬಂದಿ ವಿಭಾಗದ ದಿನನಿತ್ಯದ ಕೆಲಸಗಳ ಬಹುಭಾಗವನ್ನು ಎಕ್ಸಲ್ಟ್ ಎಂಬ ಹೊಸ ಅಮೆರಿಕನ್ ಸಂಸ್ಥೆಗೆ ಏಳು ವರ್ಷಗಳ ಅವಧಿಗೆ ಒಪ್ಪಿಸಿತು. ಒಪ್ಪಂದದ ಮೊತ್ತ ಸುಮಾರು 60 ಕೋಟಿ ಡಾಲರು. ಅಷ್ಟು ದೊಡ್ಡ ಪ್ರಮಾಣದಲ್ಲಿ ಈ ಕೆಲಸ ಹೊರಗೆ ಹೋದುದು ಅದೇ ಮೊದಲೆನ್ನಬಹುದು. 2003ರ ಸೆಪ್ಟೆಂಬರಿನಲ್ಲಿ ಟೈಡ್, ಏರಿಯಲ್ ಸಾಬೂನಿನ ಪುಡಿಗಳಿಂದ ಭಾರತದ ಮನೆಗಳಿಗೂ ಪರಿಚಿತವಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಹತ್ತು ವರ್ಷಗಳ, 40 ಕೋಟಿ ಡಾಲರುಗಳ ಒಪ್ಪಂದವನ್ನು ಐ.ಬಿ.ಎಂ. ಜೊತೆಗೆ ಮಾಡಿಕೊಂಡಿತು. ಸುಮಾರು 80 ದೇಶಗಳಲ್ಲಿ ಹರಡಿದ್ದ 98,000 ನೌಕರರ ಸಂಬಳ, ಸೌಲಭ್ಯ, ಪ್ರಯಾಣದ ಖರ್ಚು, ಊರಿಂದೂರಿಗೆ ವರ್ಗ ಇವೆಲ್ಲದರ ಲೆಕ್ಕ ಐ.ಬಿ.ಎಂ. ಪಾಲಿಗೆ ಬಂತು. ಆ ಕೆಲಸ ಮಾಡುತ್ತಿದ್ದ 800 ಮಂದಿಯನ್ನೂ ಕೆಲಸದೊಡನೆಯೇ ಐ.ಬಿ.ಎಂ.ಗೆ ವರ್ಗಾಯಿಸಲಾಯಿತು. ಕೋಸ್ಟರಿಕದ ಸಾನ್ ಹೋಸೆ, ಇಂಗ್ಲೆಂಡಿನ ನ್ಯೂಕ್ಯಾಸಲ್, ಫಿಲಿಪೈನ್ಸ್‌ನ ಮನಿಲಾ ಈ ಮೂರು ನಗರಗಳಲ್ಲಿ ಕುಳಿತು ಅವರು ಜಗತ್ತಿನ ನಾನಾ ಮೂಲೆಗಳ ಸಹೋದ್ಯೋಗಿಗಳ ಲೆಕ್ಕ ಬರೆಯುತ್ತಿದ್ದರು. ನಿನ್ನೆ ಸಾಬೂನಿನ ಕಂಪನಿಯವರಾಗಿದ್ದವರು ಅದೇ ಕೆಲಸ ಮಾಡುತ್ತಲೇ ಗಣಕಯಂತ್ರದ ಕಂಪನಿಯವರಾದರು.

ಹೀಗೆ ಮಾಡುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿದ್ದವು. ಮೊದಲನೆಯದು ಯಂತ್ರಗಳ ಖರ್ಚು. ಇಷ್ಟು ಮಂದಿಯ ಲೆಕ್ಕವಿಡುವ ಗಣಕ ವ್ಯವಸ್ಥೆ ಬಹಳ ದುಬಾರಿ. ಕೊಂಡ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಗುತ್ತಿಗೆಗೆ ಕೊಟ್ಟರೆ ಆ ಹೊರೆ ಗುತ್ತಿಗೆದಾರನದು. ಎರಡನೆಯದು ಬೆಲೆಯ ನಿಶ್ಚಯ. ಸ್ವಂತ ವಿಭಾಗಕ್ಕೆ ತಗಲುವ ನಿಜವಾದ ಖರ್ಚು ಎಷ್ಟೋ ವೇಳೆ ಯಜಮಾನನಿಗೇ ತಿಳಿಯದು. ಒಪ್ಪಂದದಲ್ಲಿ ಅದು ಅಂಕಿಯಾಗಿ ನಿಲ್ಲುತ್ತದೆ. ಮೂರನೆಯದು ಗಮನ. ಸಿಬ್ಬಂದಿ ಅಧಿಕಾರಿಯ ದಿನವೆಲ್ಲ ರಜೆಯ ಅರ್ಜಿಗಳಲ್ಲೇ ಕಳೆದುಹೋದರೆ, ಯಾರನ್ನು ಬೆಳೆಸಬೇಕು, ಯಾರು ಏಕೆ ಬಿಟ್ಟುಹೋಗುತ್ತಿದ್ದಾರೆ ಎಂದು ಚಿಂತಿಸಲು ಆತನಿಗೆ ಹೊತ್ತೆಲ್ಲಿದೆ?

ಆಡಳಿತಶಾಸ್ತ್ರದ ಹೆಸರಾಂತ ಲೇಖಕ ಪೀಟರ್ ಡ್ರಕ್ಕರ್ ಇನ್ನೂ ಒಂದು ಕಾರಣವನ್ನು 1989ರಲ್ಲೇ ಎತ್ತಿ ತೋರಿಸಿದ್ದರು. ಸಾಬೂನು ತಯಾರಿಸುವ ಕಂಪನಿಯಲ್ಲಿ ಮೇಲೇರುವವನು ಸಾಬೂನು ತಯಾರಿಸುವವನೋ ಮಾರುವವನೋ ಆಗಿರುತ್ತಾನೆ; ಸಂಬಳದ ಗುಮಾಸ್ತ ಕೊನೆಯವರೆಗೂ ಗುಮಾಸ್ತನೇ. ಅದೇ ಸಂಬಳದ ಲೆಕ್ಕವೇ ಕಸುಬಾಗಿರುವ ಸಂಸ್ಥೆಯಲ್ಲಿ ಆತನೇ ಮುಖ್ಯ ಕಸುಬುದಾರ; ಮುಖ್ಯಸ್ಥನ ಕುರ್ಚಿಯವರೆಗೂ ಏಣಿ ಇರುತ್ತದೆ. ಏಣಿ ಇರುವಲ್ಲಿ ಜಾಣರು ಸೇರುತ್ತಾರೆ, ಕೆಲಸ ಚುರುಕಾಗುತ್ತದೆ. ಕೆಳದರ್ಜೆಯ ಕೆಲಸ ಮಾಡುವವರನ್ನು ಲಕ್ಷಿಸಿ ಅವರ ಏಳಿಗೆಯ ದೃಷ್ಟಿಯಿಂದಲೇ ಹೊರಗುತ್ತಿಗೆಯನ್ನು ಸಮರ್ಥಿಸಿದುದು ಈ ವಾದದ ಹಿರಿಮೆ.

ಕಾಗದಕ್ಕೆ ಬಾರದ ಮಾತುಗಳು

ಇಷ್ಟೆಲ್ಲ ಅನುಕೂಲವಿದ್ದರೆ ಎಲ್ಲವನ್ನೂ ಹೊರಗೇ ಕೊಟ್ಟುಬಿಡಬಹುದಲ್ಲ? ಈ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲೇ ಕೇಳಿದ್ದರು. ಪೇಟೆಯಲ್ಲಿ ಎಲ್ಲವೂ ಕೊಳ್ಳಲು ಸಿಗುವಾಗ ಕಂಪನಿಗಳೆಂಬುವು ಇರುವುದಾದರೂ ಏಕೆ? ಕೊಳ್ಳುವುದಕ್ಕೂ ಖರ್ಚುಂಟು ಎಂಬುದು ಅವರ ಉತ್ತರ. ಹುಡುಕಬೇಕು, ಚೌಕಾಸಿ ಮಾಡಬೇಕು, ಕರಾರು ಬರೆಯಬೇಕು, ಕರಾರಿನಂತೆ ನಡೆದರೇ ಎಂದು ಕಾಯಬೇಕು. ಈ ಖರ್ಚು ಹೆಚ್ಚಾದಲ್ಲಿ ಒಳಗೇ ಮಾಡಿಕೊಳ್ಳುವುದು ಲೇಸು. ಈ ವಿಚಾರಸರಣಿಗಾಗಿಯೂ ಸೇರಿ 1991ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಕರಾರಿನಲ್ಲಿ ಬರೆಯಲಾಗದ ಸಂಗತಿಗಳು ನೌಕರರ ವಿಚಾರದಲ್ಲಿ ಹೆಚ್ಚು. ಚೀಟಿಗಳ ಎಣಿಕೆಯನ್ನು ಬರೆಯಬಹುದು. ತಪ್ಪಾದರೆ ಎಷ್ಟು ದಿನದೊಳಗೆ ತಿದ್ದಬೇಕೆಂದೂ ಬರೆಯಬಹುದು. ಆದರೆ ತಾಯಿ ಆಸ್ಪತ್ರೆಯಲ್ಲಿದ್ದಾಳೆಂದು ನೌಕರನೊಬ್ಬ ಮುಂಗಡ ಕೇಳಲು ಬಂದಾಗ ಆತನ ಮುಖ ನೋಡಿ ಮಾತಾಡುವುದನ್ನು ಯಾವ ಕಲಮಿನಲ್ಲಿ ಬರೆಯುವುದು? ಹಿಂದೆ ಕಾರಿಡಾರಿನ ಕೊನೆಯ ಕೊಠಡಿಯಲ್ಲಿ ಕುಳಿತಿರುತ್ತಿದ್ದ ಪರಿಚಿತ ಅಧಿಕಾರಿಯ ಬದಲಿಗೆ, ದೂರದ ಊರಿನ ಅಪರಿಚಿತ ದನಿಯೊಂದು ದೂರಿನ ಸಂಖ್ಯೆಯನ್ನು ಕೇಳುತ್ತದೆ.

ಗುತ್ತಿಗೆ ಹಿಡಿದವರಿಗೂ ಇದು ಸುಲಭದ ತುತ್ತಾಗಲಿಲ್ಲ. ಪ್ರತಿಯೊಂದು ಕಂಪನಿಗೂ ತನ್ನದೇ ಪದ್ಧತಿ, ತನ್ನದೇ ವಿನಾಯಿತಿ. ಎಲ್ಲರ ಲೆಕ್ಕವನ್ನೂ ಒಂದೇ ಅಚ್ಚಿಗೆ ಹಾಕಿ ಲಾಭ ಗಳಿಸಬಹುದೆಂಬ ಎಣಿಕೆ ಎಲ್ಲೆಡೆಯೂ ಕೈಗೂಡಲಿಲ್ಲ. 2004ರಲ್ಲಿ ಎಕ್ಸಲ್ಟ್ ಸಂಸ್ಥೆಯನ್ನು ಕೊಂಡ ಹ್ಯೂಯಿಟ್ ಕಂಪನಿ ಈ ವ್ಯವಹಾರದಲ್ಲಿ ಭಾರೀ ನಷ್ಟವನ್ನು ಅನುಭವಿಸಬೇಕಾಯಿತು. ಸಿಬ್ಬಂದಿ ವಿಭಾಗವನ್ನು ಇಡಿಯಾಗಿ ಒಪ್ಪಿಸುವ ಉತ್ಸಾಹ ಬರಬರುತ್ತ ತಗ್ಗಿ, ಬೇಕಾದುದನ್ನಷ್ಟೇ ಆಯ್ದು ಕೊಡುವ ರೂಢಿ ಬಲಿಯಿತು.

ನರಸಾಪುರದ ಒಂದು ಬೆಳಗು

ಕೆಲಸವನ್ನು ಹೊರಗೆ ಕೊಡುವುದು ಒಂದು ಬಗೆ. ಕೆಲಸಗಾರನನ್ನೇ ಹೊರಗಿನವರ ಪಟ್ಟಿಯಲ್ಲಿ ಇರಿಸುವುದು ಇನ್ನೊಂದು ಬಗೆ. ಈ ಎರಡನೆಯ ಬಗೆಯಲ್ಲಿ ನೌಕರನನ್ನು ಹುಡುಕುವುದು, ಸೇರಿಸುವುದು, ಸಂಬಳ ಕೊಡುವುದು ಎಲ್ಲವೂ ಸಿಬ್ಬಂದಿ ಒದಗಿಸುವ ಏಜೆನ್ಸಿಯದು. ದುಡಿಸಿಕೊಳ್ಳುವುದು ಮಾತ್ರ ಕಾರ್ಖಾನೆಯದು. ಬೇಡಿಕೆ ಬಂದಾಗ ಸಾವಿರ ಮಂದಿಯನ್ನು ಥಟ್ಟನೆ ಸೇರಿಸಿ, ಇಳಿದಾಗ ಅಷ್ಟೇ ಬೇಗ ಕಡಮೆ ಮಾಡುವ ಅನುಕೂಲ ಇದರಲ್ಲಿದೆ. ಈ ಅನುಕೂಲಕ್ಕೆ ತೆರಬೇಕಾದ ಬೆಲೆ ಎಷ್ಟಾಗಬಹುದೆಂಬುದನ್ನು ಕೋಲಾರ ಜಿಲ್ಲೆ ಕಣ್ಣಾರೆ ಕಂಡಿತು.

ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಆಪಲ್‌ನ ಐಫೋನುಗಳನ್ನು ಜೋಡಿಸುವ ಕಾರ್ಖಾನೆಯನ್ನು ನಡೆಸುತ್ತಿತ್ತು. 2020ರ ಡಿಸೆಂಬರ್ 12ರ ಬೆಳಗ್ಗೆ, ರಾತ್ರಿ ಪಾಳಿ ಮುಗಿಸಿದ ಕೆಲಸಗಾರರು ಸಂಬಳದ ವಿಚಾರವಾಗಿ ರೊಚ್ಚಿಗೆದ್ದರು. ಗಾಜುಗಳು ಪುಡಿಯಾದವು, ವಾಹನಗಳು ಉರುಳಿದವು, ಕೋಟಿಗಟ್ಟಲೆ ರೂಪಾಯಿಗಳ ಹಾನಿಯಾಯಿತು. ಪೊಲೀಸರು ನೂರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಇಂಜಿನಿಯರಿಂಗ್ ಓದಿದವರಿಗೆ ತಿಂಗಳಿಗೆ 21,000 ರೂಪಾಯಿ ಎಂದು ಹೇಳಿ ಸೇರಿಸಿಕೊಂಡು, ಕೈಗೆ ಬಂದುದು 16,000, ಆಮೇಲೆ 12,000 ಎಂಬ ದೂರುಗಳು ಆ ದಿನಗಳ ಪತ್ರಿಕೆಗಳಲ್ಲಿ ಪ್ರಕಟವಾದವು.

ಕಾರ್ಖಾನೆಯ ಬಹುಪಾಲು ಕೆಲಸಗಾರರು ಹಲವು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರಾಗಿದ್ದರು. ರಾಜ್ಯದ ಕಾರ್ಖಾನೆಗಳ ಇಲಾಖೆ ತನಿಖೆ ನಡೆಸಿದಾಗ ಹೊರಬಿದ್ದ ಸಂಗತಿಗಳು ಬೋಧಪ್ರದವಾಗಿದ್ದವು. ಸಿಬ್ಬಂದಿಯ ಸಂಖ್ಯೆ ಅಲ್ಪಕಾಲದಲ್ಲಿ 5,000ದಿಂದ 10,500ಕ್ಕೆ ಏರಿತ್ತು. ಪಾಳಿಯ ಅವಧಿ ಹನ್ನೆರಡು ಗಂಟೆಗೆ ಬದಲಾಗಿತ್ತು. ಹಾಜರಿ ದಾಖಲಿಸುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಇವೆಲ್ಲವನ್ನೂ ಸಂಭಾಳಿಸಬೇಕಾಗಿದ್ದ ಮಾನವ ಸಂಪನ್ಮೂಲ ವಿಭಾಗದಲ್ಲಿ ಕಾರ್ಮಿಕ ಕಾನೂನು ಬಲ್ಲ ಸಾಕಷ್ಟು ಸಿಬ್ಬಂದಿಯೇ ಇರಲಿಲ್ಲ. ಹತ್ತು ಸಾವಿರ ಮಂದಿ ದುಡಿಯುವ ಜಾಗದಲ್ಲಿ, ಗಂಟೆಗಳ ಲೆಕ್ಕ ತಪ್ಪಿದೆಯೆಂದು ಹೇಳಿಕೊಳ್ಳಲು ಬಂದವನ ಮಾತು ಕೇಳಬೇಕಾದ ಕಿವಿಗೇ ಕೊರತೆಯಾಗಿತ್ತು.

ಒಂದೇ ವಾರದಲ್ಲಿ ಆಪಲ್ ತನ್ನ ಪ್ರಾಥಮಿಕ ವಿಚಾರಣೆಯ ಫಲವನ್ನು ಪ್ರಕಟಿಸಿತು. ದುಡಿಮೆಯ ಗಂಟೆಗಳ ನಿರ್ವಹಣೆ ಸರಿಯಿಲ್ಲದೆ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಕೆಲವರ ಸಂಬಳ ತಡವಾದುದು ನಿಜವೆಂದು ಒಪ್ಪಿ, ಸುಧಾರಣೆಯಾಗುವವರೆಗೆ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಸಾರಿತು. ವಿಸ್ಟ್ರಾನ್ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆದುಹಾಕಿತು. ನೇಮಕ ಮತ್ತು ಸಂಬಳ ಬಟವಾಡೆಯ ಕ್ರಮಗಳನ್ನು ಸರಿಪಡಿಸುವುದಾಗಿ ಮಾತುಕೊಟ್ಟಿತು. ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿ ಹಗಲಿರುಳೂ ದೂರು ಕೇಳುವ ದೂರವಾಣಿಯನ್ನು ಏರ್ಪಡಿಸಿತು. ಅದೇ ಏರ್ಪಾಟು ಎರಡು ತಿಂಗಳ ಮುಂಚೆ ಇದ್ದಿದ್ದರೆ! 2023ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಯ ಕೈಸೇರಿತು.

ನರಸಾಪುರದಲ್ಲಿ ಜೋಡಿಸಿದ ಫೋನಿನ ಮೇಲೆ ಯಾವ ಏಜೆನ್ಸಿಯ ಹೆಸರೂ ಇರಲಿಲ್ಲ. ಸಂಬಳದ ಲೆಕ್ಕ ಎಷ್ಟು ಕೈ ದಾಟಿ ಹೋಗಿದ್ದರೂ ಕೆಟ್ಟ ಹೆಸರು ಮಾತ್ರ ಕಾರ್ಖಾನೆಯ ಫಲಕವನ್ನೂ ಫೋನಿನ ಮೊಹರನ್ನೂ ಹುಡುಕಿಕೊಂಡು ಬಂತು.

ಕೊಡಬಹುದಾದುದು, ಕೊಡಲಾಗದುದು

ಭಾರತದ ಕಾನೂನು ಈ ವಿಚಾರದಲ್ಲಿ ಬಹಳ ಹಿಂದೆಯೇ ಸ್ಪಷ್ಟವಾದ ನಿಲುವನ್ನು ತಳೆದಿತ್ತು. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯಂತೆ, ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಅಥವಾ ಕಡಮೆ ಕೊಟ್ಟರೆ ಮೂಲ ಯಜಮಾನನೇ ಅದನ್ನು ತೆತ್ತು, ಆ ಹಣವನ್ನು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕಾಗಿತ್ತು. ಕಾರ್ಮಿಕರ ಸುರಕ್ಷತೆ, ಆರೋಗ್ಯಗಳಿಗೆ ಸಂಬಂಧಿಸಿದ 2020ರ ಸಂಹಿತೆಯಲ್ಲೂ ಅದೇ ತತ್ವ ಉಳಿದುಕೊಂಡಿದೆ. ಲೆಕ್ಕ ಬರೆಯುವ ಕೆಲಸವನ್ನು ಮಾರಬಹುದು, ಕೊಳ್ಳಬಹುದು. ಕೂಲಿಯ ಹೊಣೆ ಮಾತ್ರ ಮಾರಾಟದ ವಸ್ತುವಲ್ಲ.

ಸರ್ಕಾರವೂ ತನ್ನ ಅನುಭವದಿಂದ ಪಾಠ ಕಲಿತ ನಿದರ್ಶನವುಂಟು. ಬೆಂಗಳೂರಿನ ಬೀದಿಗಳನ್ನು ನಸುಕಿನಲ್ಲೇ ಗುಡಿಸುವ ಪೌರಕಾರ್ಮಿಕರು ಬಹುವರ್ಷ ಗುತ್ತಿಗೆದಾರರ ಕೈಕೆಳಗಿದ್ದರು. ಕೂಲಿ ಸರಿಯಾಗಿ ಬರುವುದಿಲ್ಲ, ಭವಿಷ್ಯನಿಧಿಯ ಹಣ ಎಲ್ಲಿ ಹೋಯಿತೋ ತಿಳಿಯದು ಎಂಬುದು ಅವರ ನಿತ್ಯದ ಗೋಳು. 2017ರಲ್ಲಿ ರಾಜ್ಯ ಸರ್ಕಾರ ಆ ಪದ್ಧತಿಯನ್ನು ಕೊನೆಗೊಳಿಸಿ, ಗುಡಿಸುವವರಿಗೆ ನೇರವಾಗಿ ವೇತನ ಸಲ್ಲಿಸುವ ತೀರ್ಮಾನಕ್ಕೆ ಬಂತು. ಹೊರಗೆ ಹೋದ ಲೆಕ್ಕವೊಂದು ಮನೆಗೆ ಮರಳಿತು.

ಹಾಗೆಂದು ಹೊರಗುತ್ತಿಗೆಯೇ ತಪ್ಪೆನ್ನುವುದು ಸರಿಯಾಗದು. ಪ್ಯಾಟರ್ಸನ್ನಿನ ಆ ತರುಣ ಕಂಡ ಕಷ್ಟ ನಿಜವಾದುದು. ಪೀಣ್ಯದ ಸಣ್ಣ ಕಾರ್ಖಾನೆಯ ಒಡೆಯನ ಅಂಜಿಕೆಯೂ ನಿಜವಾದುದು. ಪ್ರಶ್ನೆ ಇರುವುದು ಯಾವ ಕೆಲಸ, ಯಾವ ಉದ್ದೇಶ ಎಂಬಲ್ಲಿ. ಬಲ್ಲವನಿಂದ ಚೆನ್ನಾಗಿ ಮಾಡಿಸಬೇಕೆಂದು ಕೊಡುವವನು ಒಂದು ಕಣ್ಣನ್ನು ಅದರ ಮೇಲೆ ಇಟ್ಟೇ ಇರುತ್ತಾನೆ; ತಿಂಗಳಿಗೊಮ್ಮೆ ಹಾಜರಿಯನ್ನೂ ಚೀಟಿಯನ್ನೂ ತಾಳೆ ನೋಡುತ್ತಾನೆ; ದೂರು ಕೇಳಲು ತನ್ನವನೊಬ್ಬನನ್ನು ಹೊಸ್ತಿಲಲ್ಲೇ ಕೂರಿಸಿರುತ್ತಾನೆ. ತನಗೆ ರಗಳೆಯೇ ಬೇಡವೆಂದು ಕೊಡುವವನು ಕೆಲಸದೊಡನೆ ಕೆಲಸಗಾರರನ್ನೂ ಮರೆಯುತ್ತಾನೆ.

ದುಡಿಯುವವರ ಮನೆಯವರೂ ಇದರಿಂದ ತಿಳಿಯಬೇಕಾದುದಿದೆ. ಹೊಸ ಕೆಲಸಕ್ಕೆ ಸೇರುವ ಮಗನಾಗಲಿ ಮಗಳಾಗಲಿ ನೇಮಕಪತ್ರ ಯಾರ ಹೆಸರಿನಲ್ಲಿದೆ ಎಂದು ಮೊದಲು ನೋಡಬೇಕು. ಸಂಬಳದ ಚೀಟಿಯನ್ನು ತಿಂಗಳು ತಿಂಗಳೂ ಪಡೆದು ಜೋಪಾನವಾಗಿ ಇಡಬೇಕು. ಭವಿಷ್ಯನಿಧಿಯ ಖಾತೆಗೆ ಹಣ ಜಮೆಯಾಗಿದೆಯೇ ಎಂಬುದನ್ನು ಇಂದು ಕೈಯಲ್ಲಿರುವ ಮೊಬೈಲಿನಲ್ಲೇ ನೋಡಬಹುದು. ಯಾವ ಗುಮಾಸ್ತನನ್ನೂ ಕೇಳಬೇಕಾಗಿಲ್ಲ. ಚೀಟಿಯಲ್ಲಿ ಮುರಿದ ಹಣ ಖಾತೆಯಲ್ಲಿ ಕಾಣದಿದ್ದರೆ, ಏಜೆನ್ಸಿಯವರು ಕಂಪನಿಯನ್ನೂ ಕಂಪನಿಯವರು ಏಜೆನ್ಸಿಯನ್ನೂ ತೋರಿಸುವುದಕ್ಕೆ ಮುಂಚೆ, ಇಬ್ಬರಿಗೂ ಬರಹದಲ್ಲಿ ಕೇಳುವುದು ಒಳ್ಳೆಯದು.

ಹಿಟ್ಟು ಗಿರಣಿಗೆ ಹೋಯಿತು, ಬಟ್ಟೆ ಮಡಿವಾಳರ ಮನೆಗೆ ಹೋಯಿತು; ಅದರಿಂದ ಯಾವ ಸಂಸಾರವೂ ಕೆಡಲಿಲ್ಲ. ಆದರೆ ಗಿರಣಿಗೆ ಕಳುಹಿಸಿದ ಗೃಹಿಣಿ ಹಿಟ್ಟು ಮನೆಗೆ ಬಂದ ಮೇಲೆ ಡಬ್ಬಿಯ ಮುಚ್ಚಳ ತೆಗೆದು ಬೆರಳಿನಿಂದ ಮುಟ್ಟಿ ನೋಡದೆ ರೊಟ್ಟಿ ತಟ್ಟುವುದಿಲ್ಲ. ಸಾವಿರಾರು ಸಂಸಾರಗಳ ಅನ್ನ ಯಾವ ಲೆಕ್ಕದ ಮೇಲೆ ನಿಂತಿದೆಯೋ, ಆ ಲೆಕ್ಕದ ವಿಚಾರದಲ್ಲಿ ಯಜಮಾನನಾದವನು ಅಷ್ಟಾದರೂ ಎಚ್ಚರ ವಹಿಸುವುದು ನ್ಯಾಯ.